ಆಸ್ಪತ್ರೆಯಲ್ಲಿ ದುಡಿಯುತ್ತಲೇ ಫಿಸಿಯೊಥೆರಪಿ ಪದವಿ

ಇಂಗ್ಲೆಂಡಿನ ಯಾವುದಾದರೂ ದೊಡ್ಡ ಆಸ್ಪತ್ರೆಯ ಮೂಳೆ ವಾರ್ಡಿಗೆ ಬೆಳಿಗ್ಗೆ ಹೋದರೆ ಫಿಸಿಯೊಥೆರಪಿಸ್ಟರ ಜೊತೆಗೆ ಅವರ ಸಹಾಯಕರೂ ಕಾಣಸಿಗುತ್ತಾರೆ. ರೋಗಿಯನ್ನು ಎಬ್ಬಿಸಿ ಕೂರಿಸುವುದು, ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸುವುದು, ಹೇಳಿಕೊಟ್ಟ ವ್ಯಾಯಾಮವನ್ನು ಎಣಿಸಿ ಮಾಡಿಸುವುದು ಇವರ ನಿತ್ಯದ ಕೆಲಸ. ವರ್ಷಗಟ್ಟಲೆ ದುಡಿದು ಕೈ ಪಳಗಿದ್ದರೂ ಪದವಿ ಇಲ್ಲವೆಂಬ ಕಾರಣಕ್ಕೆ ಅದೇ ಹುದ್ದೆಯಲ್ಲಿ ನಿಂತುಬಿಟ್ಟವರು ಇವರಲ್ಲಿ ಅನೇಕರು. ಮನೆ ಬಾಡಿಗೆ, ಮಕ್ಕಳ ಖರ್ಚು, ಊರಿಗೆ ಕಳಿಸಬೇಕಾದ ಹಣ ಎಲ್ಲವೂ ಸಂಬಳದ ಮೇಲೆ ನಿಂತಿರುವಾಗ ಕೆಲಸ ಬಿಟ್ಟು ಮೂರು ವರ್ಷ ಕಾಲೇಜಿಗೆ ಹೋಗುವುದು ಎಲ್ಲರಿಂದ ಆಗುವ ಮಾತಲ್ಲ.

ಇಂಥವರಿಗಾಗಿಯೇ ಇರುವ ದಾರಿ ಫಿಸಿಯೊಥೆರಪಿ ಡಿಗ್ರಿ ಅಪ್ರೆಂಟಿಸ್‌ಶಿಪ್. ಆಸ್ಪತ್ರೆಯ ನೌಕರರಾಗಿ ಸಂಬಳ ಪಡೆಯುತ್ತ, ಶುಲ್ಕ ಕಟ್ಟದೆ, ಪೂರ್ಣ ಪ್ರಮಾಣದ ಪದವಿ ಪಡೆದು ನೋಂದಾಯಿತ ಫಿಸಿಯೊಥೆರಪಿಸ್ಟ್ ಆಗಬಹುದು. ಸಂಗಾತಿಯ ಉದ್ಯೋಗದ ನಿಮಿತ್ತ ಇಂಗ್ಲೆಂಡಿಗೆ ಬಂದು ಆಸ್ಪತ್ರೆ, ಆರೈಕೆ ಕೇಂದ್ರಗಳಲ್ಲಿ ಕೆಲಸಕ್ಕೆ ಸೇರಿರುವ ಕನ್ನಡಿಗರೂ ಅಲ್ಲೇ ಬೆಳೆದ ಕನ್ನಡದ ಮಕ್ಕಳೂ ಇದನ್ನು ತಿಳಿದಿರುವುದು ಒಳ್ಳೆಯದು. ಅವಕಾಶ ದೊಡ್ಡದು, ಹೊರೆಯೂ ಅಷ್ಟೇ ದೊಡ್ಡದು. ಯಾರಿಗೆ ಸಿಗುತ್ತದೆ, ಹೇಗೆ ಸಿಗುತ್ತದೆ, ಸೇರುವ ಮೊದಲು ಏನನ್ನು ಖಚಿತಪಡಿಸಿಕೊಳ್ಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಏನಿದು ವ್ಯವಸ್ಥೆ?

ಅಪ್ರೆಂಟಿಸ್ ಎಂದ ಕೂಡಲೇ ನಮ್ಮಲ್ಲಿ ಐಟಿಐ ಮುಗಿಸಿ ಕಾರ್ಖಾನೆಗೆ ಸೇರುವ ಹುಡುಗರು ನೆನಪಾಗುತ್ತಾರೆ. ಇಂಗ್ಲೆಂಡಿನಲ್ಲಿ ಈ ಪದ್ಧತಿ ಪದವಿ ಮಟ್ಟಕ್ಕೂ ಬಂದು ಕೆಲವು ವರ್ಷಗಳಾದವು. ನರ್ಸಿಂಗ್, ಆಕ್ಯುಪೇಷನಲ್ ಥೆರಪಿ, ರೇಡಿಯಾಗ್ರಫಿಯಂತೆ ಫಿಸಿಯೊಥೆರಪಿಯನ್ನೂ ಹೀಗೆ ಕಲಿಯಬಹುದು. ಇದು ಅಲ್ಲಿನ ಶಿಕ್ಷಣ ಶ್ರೇಣಿಯಲ್ಲಿ ಆರನೆಯ ಹಂತ, ಅಂದರೆ ಆನರ್ಸ್ ಪದವಿಯ ಮಟ್ಟ. ಕೈಗೆ ಬರುವುದು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯೇ. ಪೂರ್ಣಾವಧಿ ವಿದ್ಯಾರ್ಥಿ ಮೂರು ವರ್ಷದಲ್ಲಿ ಮುಗಿಸುವುದನ್ನು ಅಪ್ರೆಂಟಿಸ್ ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷದಲ್ಲಿ ಮುಗಿಸುತ್ತಾರೆ.

ಹಣ ಬರುವುದು ಎಲ್ಲಿಂದ? 2017ರ ಏಪ್ರಿಲ್‌ನಿಂದ ಬ್ರಿಟನ್ನಿನ ದೊಡ್ಡ ಉದ್ಯೋಗದಾತರು ಅಪ್ರೆಂಟಿಸ್‌ಶಿಪ್ ಲೆವಿ ಎಂಬ ತೆರಿಗೆ ಕಟ್ಟುತ್ತಿದ್ದಾರೆ. ವರ್ಷದ ಸಂಬಳದ ಬಾಬತ್ತು 30 ಲಕ್ಷ ಪೌಂಡ್ ದಾಟಿದರೆ, ದಾಟಿದ ಮೊತ್ತದ ಅರ್ಧ ಶೇಕಡಾ ಈ ಲೆವಿಗೆ ಹೋಗುತ್ತದೆ. ರಾಷ್ಟ್ರೀಯ ಆರೋಗ್ಯ ಸೇವೆಯ, ಅಂದರೆ ಎನ್‌ಎಚ್‌ಎಸ್‌ನ, ಆಸ್ಪತ್ರೆಗಳನ್ನು ನಡೆಸುವ ದೊಡ್ಡ ಟ್ರಸ್ಟುಗಳೆಲ್ಲ ಇದನ್ನು ಕಟ್ಟುತ್ತವೆ. ವಿಶ್ವವಿದ್ಯಾಲಯದ ಶುಲ್ಕ ಈ ಹಣದಿಂದಲೇ ಸಂದಾಯವಾಗುತ್ತದೆ. ಆದರೆ ಇದನ್ನು ಸಂಬಳಕ್ಕೆ ಬಳಸುವಂತಿಲ್ಲ. ನೀವು ತರಗತಿಯಲ್ಲಿರುವ ದಿನ ವಾರ್ಡಿನಲ್ಲಿ ನಿಮ್ಮ ಜಾಗಕ್ಕೆ ಮತ್ತೊಬ್ಬರನ್ನು ಹಾಕುವ ಖರ್ಚನ್ನು ಟ್ರಸ್ಟ್ ತನ್ನ ಕೈಯಿಂದಲೇ ಭರಿಸಬೇಕು. ಸೀಟುಗಳು ಕಡಿಮೆ ಇರುವುದಕ್ಕೂ ತರಗತಿಯ ದಿನ ಮ್ಯಾನೇಜರ್ ಮುಖ ಗಂಟಿಕ್ಕುವುದಕ್ಕೂ ಇದು ದೊಡ್ಡ ಕಾರಣ.

ಈ ದಾರಿಯನ್ನು ಹಿಗ್ಗಿಸಬೇಕೆಂಬ ಇರಾದೆ ಇದೆ. 2023ರ ಜೂನ್‌ನಲ್ಲಿ ಹೊರಬಂದ ಎನ್‌ಎಚ್‌ಎಸ್‌ನ ದೀರ್ಘಾವಧಿ ಸಿಬ್ಬಂದಿ ಯೋಜನೆಯು, ಚಿಕಿತ್ಸಾ ಸಿಬ್ಬಂದಿಯ ತರಬೇತಿಯಲ್ಲಿ ಅಪ್ರೆಂಟಿಸ್‌ಶಿಪ್‌ನ ಪಾಲನ್ನು ಶೇ 7ರಿಂದ 2031-32ರ ಹೊತ್ತಿಗೆ ಶೇ 22ಕ್ಕೆ ಏರಿಸುವ ಗುರಿ ಹೇಳಿತ್ತು. ಇನ್ನೊಂದು ಮಾತು: ಇದು ಇಂಗ್ಲೆಂಡಿನ ವ್ಯವಸ್ಥೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಅಪ್ರೆಂಟಿಸ್‌ಶಿಪ್ ನೀತಿ ಬೇರೆ ಬೇರೆ. ಅಲ್ಲಿರುವವರು ತಮ್ಮ ಭಾಗದ ನಿಯಮವನ್ನೇ ವಿಚಾರಿಸಬೇಕು.

ಯಾರು ಅರ್ಹರು?

ಮೊದಲಿಗೆ ಕೆಲಸ, ಆಮೇಲೆ ಪ್ರವೇಶ. ನಿಮ್ಮನ್ನು ಅಪ್ರೆಂಟಿಸ್ ಆಗಿ ಇಟ್ಟುಕೊಳ್ಳಲು ಒಪ್ಪುವ ಉದ್ಯೋಗದಾತರಿಲ್ಲದೆ ವಿಶ್ವವಿದ್ಯಾಲಯ ಸೇರಿಸಿಕೊಳ್ಳುವುದಿಲ್ಲ. ವಯಸ್ಸಿಗೆ ಮೇಲ್ಮಿತಿಯಿಲ್ಲ, ನಲವತ್ತರಲ್ಲೂ ಸೇರಬಹುದು. ಈಗಾಗಲೇ ಬೇರೆ ಪದವಿ ಇದ್ದರೂ ಅಡ್ಡಿಯಿಲ್ಲ. ಹೊಸದಾಗಿ ಕಲಿಯುವುದು ಸಾಕಷ್ಟು ಇರಬೇಕು ಎಂಬುದಷ್ಟೇ ನಿಯಮ. ಊರಿನಲ್ಲಿ ಬಿ.ಕಾಂ. ಮುಗಿಸಿದವರಿಗೂ ಎಂಜಿನಿಯರಿಂಗ್ ಓದಿದವರಿಗೂ ಬಾಗಿಲು ತೆರೆದಿದೆ.

ಶೈಕ್ಷಣಿಕ ಅರ್ಹತೆಯನ್ನು ಆಯಾ ವಿಶ್ವವಿದ್ಯಾಲಯ ನಿರ್ಧರಿಸುತ್ತದೆ. ಇಂಗ್ಲಿಷ್ ಮತ್ತು ಗಣಿತದಲ್ಲಿ ಅಲ್ಲಿನ ಹತ್ತನೇ ತರಗತಿಗೆ ಹತ್ತಿರದ ಜಿಸಿಎಸ್‌ಇ ಮಟ್ಟದ ಉತ್ತೀರ್ಣತೆ, ಅದರ ಮೇಲಿನ ಹಂತದ ಎ-ಲೆವೆಲ್ ಅಥವಾ ತತ್ಸಮಾನ ಅರ್ಹತೆಯನ್ನು ಸಾಮಾನ್ಯವಾಗಿ ಕೇಳುತ್ತಾರೆ. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಅಲ್ಲಿನ ಯಾವ ಮಟ್ಟಕ್ಕೆ ಸಮ ಎಂಬುದಕ್ಕೆ ಯುಕೆ ಎನಿಕ್ ಎಂಬ ಸಂಸ್ಥೆ ಪ್ರಮಾಣಪತ್ರ ಕೊಡುತ್ತದೆ. ಇದಕ್ಕೆ ಮೂಲ ಅಂಕಪಟ್ಟಿಗಳು ಬೇಕು. ಊರಿಗೆ ಹೋದಾಗ ಮರೆಯದೆ ತಂದಿಟ್ಟುಕೊಳ್ಳಿ.

ವಲಸೆ ಬಂದವರು ಎಚ್ಚರದಿಂದ ಓದಬೇಕಾದ ಷರತ್ತು ಒಂದಿದೆ. ಸರ್ಕಾರದ ಹಣ ಸಿಗಬೇಕಾದರೆ ಕೆಲಸ ಮಾಡುವ ಹಕ್ಕಿದ್ದರಷ್ಟೇ ಸಾಲದು, ವಾಸದ ನಿಯಮವನ್ನೂ ಪೂರೈಸಿರಬೇಕು. ಬ್ರಿಟನ್ನಿನಲ್ಲಿ ನೆಲೆಸಲು ಪರವಾನಗಿ ಪಡೆದ ಭಾರತೀಯರಿಗೆ ಸಾಮಾನ್ಯವಾಗಿ ಅನ್ವಯಿಸುವುದು, ಕೋರ್ಸ್ ಆರಂಭಕ್ಕೆ ಮುಂಚಿನ ಮೂರು ವರ್ಷ ಅಲ್ಲೇ ವಾಸವಿರಬೇಕು ಎಂಬ ಷರತ್ತು. ವಿದ್ಯಾರ್ಥಿ ವೀಸಾದಲ್ಲಿರುವವರು ಅಪ್ರೆಂಟಿಸ್ ಆಗುವಂತಿಲ್ಲ. ಆದ್ದರಿಂದ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು, ಈ ಕೋರ್ಸಿಗೆಂದೇ ಇಂಗ್ಲೆಂಡಿಗೆ ಕಳಿಸುತ್ತೇವೆ ಎನ್ನುವ ಏಜೆಂಟರ ಮಾತಿಗೆ ದುಡ್ಡು ಕೊಡಬೇಡಿ. ಹಾಗೆ ನೇರವಾಗಿ ಬರುವ ದಾರಿ ಇದಲ್ಲ. ಇನ್ನು, ಆರೈಕೆ ಕೆಲಸಕ್ಕೆಂದು ಪ್ರಾಯೋಜಿತ ವೀಸಾದಲ್ಲಿ ಬಂದವರ ವೀಸಾ ಒಂದು ಉದ್ಯೋಗದಾತರಿಗೆ, ಒಂದು ಬಗೆಯ ಹುದ್ದೆಗೆ ಕಟ್ಟುಬಿದ್ದಿರುತ್ತದೆ. ಅಪ್ರೆಂಟಿಸ್ ಹುದ್ದೆಗೆ ಬದಲಾಗುವುದು ವೀಸಾದ ಪ್ರಶ್ನೆಯೂ ಹೌದು. ಸಹಿ ಹಾಕುವ ಮುನ್ನ ಟ್ರಸ್ಟಿನ ಮಾನವ ಸಂಪನ್ಮೂಲ ವಿಭಾಗದಿಂದ ಲಿಖಿತ ಉತ್ತರ ಪಡೆಯಿರಿ. ವೀಸಾ ಅವಧಿ ಕೋರ್ಸಿನ ನಡುವೆ ಮುಗಿಯುವುದಾದರೆ ಅದನ್ನೂ ಮೊದಲೇ ಹೇಳಿ.

ಸೀಟು ಸಿಗುವುದು ಹೇಗೆ?

ಹೆಚ್ಚಿನ ಸೀಟುಗಳು ಒಳಗಿನ ನೌಕರರಿಗೇ ಹೋಗುತ್ತವೆ. ಥೆರಪಿ ವಿಭಾಗ ವರ್ಷಕ್ಕೊಮ್ಮೆ ಆಸಕ್ತರಿಂದ ಅರ್ಜಿ ಕರೆದು, ಸಂದರ್ಶನ ಮಾಡಿ, ಒಬ್ಬಿಬ್ಬರನ್ನು ಆರಿಸಿ ವಿಶ್ವವಿದ್ಯಾಲಯಕ್ಕೆ ಹೆಸರು ಕಳಿಸುತ್ತದೆ. ವಿಶ್ವವಿದ್ಯಾಲಯವೂ ತನ್ನದೇ ಸಂದರ್ಶನ ಮಾಡಬಹುದು. ಹೊರಗಿನವರಿಗೆ ತೆರೆದ ಹುದ್ದೆಗಳು ಎನ್‌ಎಚ್‌ಎಸ್ ಜಾಬ್ಸ್ ಜಾಲತಾಣದಲ್ಲೂ ಸರ್ಕಾರದ ಅಪ್ರೆಂಟಿಸ್‌ಶಿಪ್ ಹುಡುಕಾಟದ ಪುಟದಲ್ಲೂ ಆಗಾಗ ಬರುತ್ತವೆ. ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದಂಥ ಕೆಲವು ಸಂಸ್ಥೆಗಳು ಈ ಪದವಿ ನಡೆಸುತ್ತವೆ. ಆದರೆ ನಿಮ್ಮ ಟ್ರಸ್ಟ್ ಯಾವ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದ ಮಾಡಿಕೊಂಡಿದೆಯೋ ಅಲ್ಲಿಗೇ ನೀವು ಹೋಗುವುದು.

ಹಾಗಾಗಿ ಬಹಳ ಮಂದಿಗೆ ನಿಜವಾದ ಮೊದಲ ಮೆಟ್ಟಿಲು ಥೆರಪಿ ಸಹಾಯಕರ ಹುದ್ದೆ. ಎನ್‌ಎಚ್‌ಎಸ್‌ನ ವೇತನ ಶ್ರೇಣಿಯಲ್ಲಿ ಇದು ಬ್ಯಾಂಡ್ 2, 3 ಅಥವಾ 4ರಲ್ಲಿ ಬರುತ್ತದೆ. ಹೊಸದಾಗಿ ಅರ್ಹತೆ ಪಡೆದ ಫಿಸಿಯೊಥೆರಪಿಸ್ಟ್ ಬ್ಯಾಂಡ್ 5ರಿಂದ ಶುರುಮಾಡುತ್ತಾರೆ. ಸಹಾಯಕರಾಗಿ ಸೇರಿದವರು ವಾರ್ಷಿಕ ಮೌಲ್ಯಮಾಪನದಲ್ಲೇ ತಮ್ಮ ಆಸೆಯನ್ನು ಹೇಳಿ ದಾಖಲಿಸಬೇಕು. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ. ಹಿರಿಯರ ಮುಂದೆ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು ಎಂದು ಬೆಳೆದ ನಮ್ಮಲ್ಲಿ ಅನೇಕರಿಗೆ ಈ ಸಂಕೋಚವನ್ನು ದಾಟುವುದು ಕಷ್ಟ. ಆದರೂ ದಾಟಲೇಬೇಕು.

ಸಂದರ್ಶನಕ್ಕೆ ಹೋಗುವಾಗ ನೀವು ನೋಡಿದ ಒಬ್ಬ ರೋಗಿಯ ಕಥೆ ಮನಸ್ಸಿನಲ್ಲಿರಲಿ. ಹೆಸರು, ಗುರುತು ಹೇಳಬಾರದು. ಏನಾಯಿತು, ನೀವೇನು ಮಾಡಿದಿರಿ, ಫಿಸಿಯೊಥೆರಪಿಸ್ಟ್ ಬೇರೆಯೇನು ಯೋಚಿಸಿದರು, ಅದರಿಂದ ನಿಮಗೆ ತಿಳಿದದ್ದೇನು ಎಂದು ಹೇಳಬಲ್ಲವರನ್ನು ಆಯ್ಕೆದಾರರು ಗಮನಿಸುತ್ತಾರೆ.

ಸಹಾಯಕರಿಂದ ಚಿಕಿತ್ಸಕರ ಕಡೆಗೆ

ಕೋರ್ಸಿನ ಜೀವಾಳ ಇರುವುದು ಇಲ್ಲಿ. ಒಂದು ಉದಾಹರಣೆ ನೋಡಿ. ಬಿದ್ದು ಸೊಂಟದ ಮೂಳೆ ಮುರಿದ ವೃದ್ಧೆಗೆ ನಿನ್ನೆ ಶಸ್ತ್ರಚಿಕಿತ್ಸೆಯಾಗಿದೆ. ವೈದ್ಯಕೀಯ ಅಡ್ಡಿ ಇಲ್ಲದಿದ್ದರೆ ಮಾರನೆಯ ದಿನವೇ ಎಬ್ಬಿಸಿ ಚಲನೆ ಆರಂಭಿಸಬೇಕು ಎಂದು ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಹೇಳುತ್ತದೆ. ಸಹಾಯಕರು ವಾಕರಿನ ಎತ್ತರ ಸರಿಮಾಡಿ, ಚಪ್ಪಲಿ ಹಾಕಿಸಿ, ಇಬ್ಬರು ಸೇರಿ ಎಬ್ಬಿಸಿ, ಎಷ್ಟು ಹೆಜ್ಜೆ ನಡೆದರು ಎಂದು ಬರೆಯುತ್ತಾರೆ. ಇವತ್ತು ಎಬ್ಬಿಸಬಹುದೇ ಎಂದು ನಿರ್ಧರಿಸುವ ಹೊಣೆ ಫಿಸಿಯೊಥೆರಪಿಸ್ಟರದು. ರಕ್ತದೊತ್ತಡ ಎಷ್ಟಿದೆ? ಹಿಮೋಗ್ಲೋಬಿನ್ ಇಳಿದಿದೆಯೇ? ನೋವಿನ ಮಾತ್ರೆ ಯಾವಾಗ ಕೊಟ್ಟರು? ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂದು ಶಸ್ತ್ರಚಿಕಿತ್ಸಕರು ಬರೆದಿದ್ದಾರೆ? ರಾತ್ರಿಯಿಂದ ಮಾತು ತೊದಲಿ ಗೊಂದಲವಾಗಿದೆಯೇ? ಬೀಳುವ ಮೊದಲು ಮನೆಯಲ್ಲಿ ಕೋಲಿಲ್ಲದೆ ಓಡಾಡುತ್ತಿದ್ದರೇ? ಎಬ್ಬಿಸಿದ ಮೇಲೆ ತಲೆ ಸುತ್ತಿದರೆ ಏನು ಮಾಡುವುದು?

ಈ ಪ್ರಶ್ನೆಗಳನ್ನು ತಾನಾಗಿ ಕೇಳುವ, ಉತ್ತರದ ಮೇಲೆ ನಿರ್ಧಾರ ಮಾಡುವ, ನಿರ್ಧಾರಕ್ಕೆ ಹೊಣೆ ಹೊರುವ ಅಭ್ಯಾಸವನ್ನು ಪದವಿ ಕಲಿಸುತ್ತದೆ. ಅಂಗರಚನೆ, ಶರೀರಕ್ರಿಯೆ, ಚಲನೆಯ ಶಾಸ್ತ್ರ, ಸಂಶೋಧನೆ ಓದುವ ಕ್ರಮ, ಕೊನೆಗೊಂದು ಪ್ರಬಂಧ ಎಲ್ಲವೂ ಇದಕ್ಕೆ ಪೂರಕ. ವರ್ಷಗಳ ಅನುಭವ ಇರುವವರಿಗೆ ಇಲ್ಲಿ ಒಂದು ತೊಡಕೂ ಇದೆ. ಕೈಗೆ ರೂಢಿಯಾದದ್ದನ್ನು ಮನಸ್ಸು ಪ್ರಶ್ನಿಸುವುದಿಲ್ಲ. ದಿನಾ ಮಾಡುವ ಕೆಲಸವನ್ನು ಏಕೆ ಹೀಗೆ ಎಂದು ಕೇಳಿಕೊಳ್ಳುವವರು ಬೇಗ ಮುಂದೆ ಬರುತ್ತಾರೆ. ವಾರ್ಡಿನಲ್ಲಿ ಒಬ್ಬ ರೋಗಿಯನ್ನು ನೋಡಿದ ಮೇಲೆ ಅವತ್ತೇ ಅರ್ಧ ಪುಟ ಬರೆದಿಡಿ: ನಾನೇನು ಅಂದುಕೊಂಡೆ, ಹಿರಿಯರು ಏನಂದರು, ವ್ಯತ್ಯಾಸ ಎಲ್ಲಿ ಬಂತು. ಮುಂದೆ ಕಲಿಕೆಯ ದಾಖಲೆಯಾದ ಪೋರ್ಟ್‌ಫೋಲಿಯೊ ತುಂಬಿಸುವಾಗ ಈ ಟಿಪ್ಪಣಿಗಳು ಬೇಕೇ ಬೇಕಾಗುತ್ತವೆ.

ವಾರ ಹೇಗೆ ಸಾಗುತ್ತದೆ?

ಎನ್‌ಎಚ್‌ಎಸ್‌ನಲ್ಲಿ ಪೂರ್ಣಾವಧಿ ಎಂದರೆ ವಾರಕ್ಕೆ 37.5 ಗಂಟೆ. ಇದರಲ್ಲೇ ಕೆಲಸ, ತರಗತಿ ಎರಡೂ ಸೇರುತ್ತವೆ. ಕೆಲವು ವಿಶ್ವವಿದ್ಯಾಲಯಗಳು ವಾರಕ್ಕೆ ಒಂದೋ ಎರಡೋ ದಿನ ಪಾಠ ಮಾಡುತ್ತವೆ, ಕೆಲವು ಕಡೆ ಒಟ್ಟಿಗೆ ಕೆಲವು ವಾರಗಳ ಬ್ಲಾಕ್ ಇರುತ್ತದೆ. ನಿಯಮದ ಪ್ರಕಾರ ಕೆಲಸದ ಹೊರಗಿನ ಈ ತರಬೇತಿ ಸಂಬಳದ ಸಮಯದಲ್ಲೇ ನಡೆಯಬೇಕು. ಅಸೈನ್‌ಮೆಂಟ್, ಪರೀಕ್ಷೆಯ ತಯಾರಿಗೆ ಮಾತ್ರ ಸಂಜೆ, ವಾರಾಂತ್ಯಗಳು ಬೇಕಾಗುತ್ತವೆ ಎಂದು ಲೆಕ್ಕ ಹಾಕಿಕೊಂಡೇ ಇಳಿಯಿರಿ.

ಇದರ ಜೊತೆಗೆ ಪ್ಲೇಸ್‌ಮೆಂಟ್, ಅಂದರೆ ಬೇರೆ ಬೇರೆ ವಿಭಾಗಗಳಲ್ಲಿ ಪ್ರಾಯೋಗಿಕ ಕಲಿಕೆಯ ವಾರಗಳು. ಬ್ರಿಟನ್ನಿನ ಫಿಸಿಯೊಥೆರಪಿಸ್ಟರ ವೃತ್ತಿಸಂಘ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೊಥೆರಪಿ. 1894ರಲ್ಲಿ ನಾಲ್ವರು ನರ್ಸ್‌ಗಳು ಕಟ್ಟಿದ ಸಂಸ್ಥೆ ಇದು. ಪದವಿ ಮುಗಿಯುವಷ್ಟರಲ್ಲಿ ಕನಿಷ್ಠ 1,000 ಗಂಟೆಗಳ ಪ್ರಾಯೋಗಿಕ ಕಲಿಕೆ ಆಗಿರಬೇಕು ಎಂಬುದು ಇದರ ನಿರೀಕ್ಷೆ. ಅಪ್ರೆಂಟಿಸ್‌ಗೂ ಇದರಲ್ಲಿ ವಿನಾಯಿತಿಯಿಲ್ಲ. ಸಹಾಯಕರಾಗಿ ದುಡಿದ ಗಂಟೆಗಳು ತಾವಾಗಿಯೇ ಈ ಲೆಕ್ಕಕ್ಕೆ ಸೇರುವುದಿಲ್ಲ. ಮೂಳೆ ವಾರ್ಡಿನವರು ಉಸಿರಾಟದ ತೊಂದರೆಯವರನ್ನು, ಪಾರ್ಶ್ವವಾಯು ಪೀಡಿತರನ್ನು, ಮಕ್ಕಳನ್ನು, ಮನೆಮನೆಗೆ ಹೋಗಿ ನೋಡುವ ಸಮುದಾಯ ಸೇವೆಯನ್ನು ಕಂಡು ಬರಬೇಕು. ಬೇರೆ ಊರಿನ ಆಸ್ಪತ್ರೆಗೂ ಹೋಗಬೇಕಾಗಬಹುದು. ಕಾರು ಇಲ್ಲದವರು, ಚಿಕ್ಕ ಮಕ್ಕಳಿರುವವರು ಈ ವಾರಗಳ ಓಡಾಟದ ಖರ್ಚನ್ನು ಯಾರು ಕೊಡುತ್ತಾರೆ, ಮಗುವನ್ನು ಶಾಲೆಯಿಂದ ಯಾರು ಕರೆತರುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಓದಿನ ಸಮಯವನ್ನು ಕಾಪಾಡಿಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಸಲಹೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಅಪ್ರೆಂಟಿಸ್ ಎರಡು ದೋಣಿಯಲ್ಲಿ ಕಾಲಿಟ್ಟವರು. ಪಾಠ ಕೊಡದಷ್ಟು ಕಷ್ಟವನ್ನು ಕೊಡುವುದು ರೋಟಾ, ಅಂದರೆ ಕೆಲಸದ ಪಾಳಿಯ ಪಟ್ಟಿ. ಇವತ್ತು ಇಬ್ಬರು ರಜೆಯ ಮೇಲಿದ್ದಾರೆ, ನೀನು ಬಂದುಬಿಡಮ್ಮ, ತರಗತಿ ಆಮೇಲೆ ನೋಡಿಕೊಳ್ಳುವಿಯಂತೆ ಎಂಬ ಧಾಟಿಯ ಮಾತು ಬರುವುದು ಸಹಜ. ಸಹೋದ್ಯೋಗಿಗಳು ಒದ್ದಾಡುತ್ತಿರುವಾಗ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಒಮ್ಮೆ ಒಪ್ಪಿದರೆ ಮುಂದಿನ ಸಲವೂ ನಿಮ್ಮನ್ನೇ ಕೇಳುತ್ತಾರೆ. ಹೀಗೆ ಕಳೆದ ಓದಿನ ದಿನಗಳೆಲ್ಲ ಕೊನೆಗೆ ಅಸೈನ್‌ಮೆಂಟ್ ಬಾಕಿಯಾಗಿ ಒಟ್ಟಿಗೆ ಎದುರು ನಿಲ್ಲುತ್ತವೆ.

ಸರಿಯಾದ ದಾರಿ ಕಾಗದದಲ್ಲಿದೆ. ಸೇರುವಾಗ ಅಪ್ರೆಂಟಿಸ್‌ಶಿಪ್ ಒಪ್ಪಂದಕ್ಕೂ ತರಬೇತಿ ಯೋಜನೆಗೂ ಸಹಿ ಆಗುತ್ತದೆ. ತರಬೇತಿ ಯೋಜನೆಗೆ ನೀವು, ಉದ್ಯೋಗದಾತರು, ವಿಶ್ವವಿದ್ಯಾಲಯ ಮೂವರೂ ಸಹಿ ಹಾಕುತ್ತೀರಿ. ತರಬೇತಿಯ ಗಂಟೆಗಳು ಅದರಲ್ಲಿ ಬರೆದಿರುತ್ತವೆ. ತರಗತಿಯ ದಿನಗಳು, ಓದಿನ ಸಮಯ, ಪ್ಲೇಸ್‌ಮೆಂಟಿನ ವಾರಗಳು ವರ್ಷದ ಆರಂಭದಲ್ಲೇ ರೋಟಾಕ್ಕೆ ಏರುವಂತೆ ಕೇಳಿ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಮೂವರೂ ಕೂತು ಪ್ರಗತಿ ನೋಡುವ ಸಭೆ ಇರುತ್ತದೆ. ಕಳೆದುಹೋದ ದಿನಗಳ ಪಟ್ಟಿಯನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ. ಹಾಗೆ ಕೇಳುವುದು ಜಗಳವಲ್ಲ, ಒಪ್ಪಂದದಲ್ಲಿ ಬರೆದದ್ದನ್ನು ನೆನಪಿಸುವುದು. ಕಾಯಿಲೆ, ಹೆರಿಗೆ, ಊರಿನಲ್ಲಿ ತಂದೆತಾಯಿಗೆ ಅನಾರೋಗ್ಯ ಇಂಥ ಸಂದರ್ಭಗಳಲ್ಲಿ ಕೋರ್ಸನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮತ್ತೆ ಮುಂದುವರಿಸುವ ಅವಕಾಶವೂ ನಿಯಮದಲ್ಲಿದೆ.

ಹಣದ ಲೆಕ್ಕ

ಪೂರ್ಣಾವಧಿ ವಿದ್ಯಾರ್ಥಿ ಇಂಗ್ಲೆಂಡಿನಲ್ಲಿ 2025-26ನೇ ಸಾಲಿನಲ್ಲಿ ವರ್ಷಕ್ಕೆ 9,535 ಪೌಂಡ್‌ವರೆಗೆ ಶುಲ್ಕ ಕಟ್ಟಬೇಕು. ಎನ್‌ಎಚ್‌ಎಸ್ ಕಲಿಕಾ ನೆರವು ನಿಧಿಯಿಂದ ಅರ್ಹರಿಗೆ ವರ್ಷಕ್ಕೆ 5,000 ಪೌಂಡ್ ಅನುದಾನ ಸಿಗುತ್ತದೆ. ಆದರೂ ಹೆಚ್ಚಿನವರು ಸಾಲ ಮಾಡಿಯೇ ಓದುತ್ತಾರೆ. ಅಪ್ರೆಂಟಿಸ್‌ಗೆ ಶುಲ್ಕವಿಲ್ಲ. ಹಾಗೆಯೇ ವಿದ್ಯಾರ್ಥಿ ಸಾಲವೂ ಇಲ್ಲ, ಆ ಅನುದಾನವೂ ಇಲ್ಲ. ತರಬೇತಿಯ ವೆಚ್ಚವನ್ನು ಅಪ್ರೆಂಟಿಸ್‌ನಿಂದ ಕೇಳುವಂತಿಲ್ಲ, ನಡುವೆ ಬಿಟ್ಟರೂ ವಸೂಲಿ ಮಾಡುವಂತಿಲ್ಲ ಎಂದು ಸರ್ಕಾರದ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಸಂಬಳ ಟ್ರಸ್ಟಿನಿಂದ ಟ್ರಸ್ಟಿಗೆ ಬೇರೆ. ಕೆಲವೆಡೆ ಹಿಂದಿನ ಬ್ಯಾಂಡ್ ಹಾಗೇ ಮುಂದುವರಿಯುತ್ತದೆ. ಕೆಲವೆಡೆ ಎನ್‌ಎಚ್‌ಎಸ್ ವೇತನ ನಿಯಮಾವಳಿಯ ಅನೆಕ್ಸ್ 21ರಂತೆ, ಮುಂದೆ ಸಿಗುವ ಬ್ಯಾಂಡಿನ ಗರಿಷ್ಠ ಸಂಬಳದ ಒಂದು ಪಾಲು ಕೊಡುತ್ತಾರೆ. ಈ ಪಾಲು ವರ್ಷ ಕಳೆದಂತೆ ಏರಿ ಕೊನೆಯ ವರ್ಷ ಶೇ 75 ತಲುಪುತ್ತದೆ. ಬ್ಯಾಂಡ್ 4ರಲ್ಲಿ ಹಲವು ವರ್ಷ ಇದ್ದವರ ಸಂಬಳ ಇಳಿಯಲೂಬಹುದು. ಅದನ್ನು ಅಂಕಿಯಲ್ಲೇ ಕೇಳಿ ತಿಳಿದುಕೊಳ್ಳಿ.

ಸಹಿ ಹಾಕುವ ಮುನ್ನ ಕೇಳಬೇಕಾದವು

1. ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ನನ್ನ ಸಂಬಳ ಎಷ್ಟು?

2. ವಾರಕ್ಕೆ ಎಷ್ಟು ಗಂಟೆ ಓದಿನ ಸಮಯ, ಅದು ರೋಟಾದಲ್ಲಿ ಬರುತ್ತದೆಯೇ?

3. ಪ್ಲೇಸ್‌ಮೆಂಟ್ ವೇಳೆ ನಾನು ಕಲಿಯುವವನೋ, ಸಿಬ್ಬಂದಿ ಲೆಕ್ಕದಲ್ಲಿ ಬರುವವನೋ?

4. ಓಡಾಟ, ವಸತಿಯ ಖರ್ಚು ಯಾರದು?

5. ವಾರ್ಡಿನಲ್ಲಿ ನನಗೆ ಮಾರ್ಗದರ್ಶಕರು ಯಾರು, ಅವರು ಬೇರೆಡೆಗೆ ಹೋದರೆ ಮುಂದೆ ಯಾರು?

6. ಒಂದು ವಿಷಯದಲ್ಲಿ ಅನುತ್ತೀರ್ಣನಾದರೆ ನನ್ನ ಕೆಲಸ ಉಳಿಯುತ್ತದೆಯೇ, ಹಳೆಯ ಹುದ್ದೆಗೆ ಮರಳಬಹುದೇ?

7. ಪದವಿ ಮುಗಿದ ಮೇಲೆ ಬ್ಯಾಂಡ್ 5 ಹುದ್ದೆ ಖಚಿತವೇ, ಅಥವಾ ಮತ್ತೆ ಅರ್ಜಿ ಹಾಕಬೇಕೇ?

ಪದವಿಯ ನಂತರ

ಪದವಿ ಮತ್ತು ಅಂತಿಮ ಮೌಲ್ಯಮಾಪನ ಮುಗಿದ ಮೇಲೆ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ, ಅಂದರೆ ಎಚ್‌ಸಿಪಿಸಿಯಲ್ಲಿ, ಹೆಸರು ನೋಂದಾಯಿಸಬೇಕು. ಬ್ರಿಟನ್ನಿನಲ್ಲಿ ಫಿಸಿಯೊಥೆರಪಿಸ್ಟ್ ಎಂಬ ಬಿರುದಿಗೆ ಕಾನೂನಿನ ರಕ್ಷಣೆ ಇದೆ. ನೋಂದಣಿಯಿಲ್ಲದೆ ಹಾಗೆಂದು ಕರೆದುಕೊಳ್ಳುವುದು ಅಪರಾಧ. ಕೋರ್ಸಿಗೆ ಎಚ್‌ಸಿಪಿಸಿ ಮಾನ್ಯತೆ ಇದೆಯೇ ಎಂಬುದನ್ನು ಸೇರುವ ಮೊದಲೇ ಅದರ ಪಟ್ಟಿಯಲ್ಲಿ ನೋಡಿಕೊಳ್ಳಿ. ನೋಂದಣಿಯಾದ ಮೇಲೆ ಅಪ್ರೆಂಟಿಸ್ ಆಗಿ ಬಂದವರಿಗೂ ಪೂರ್ಣಾವಧಿ ಓದಿ ಬಂದವರಿಗೂ ಅರ್ಹತೆಯಲ್ಲಿ ಯಾವ ಭೇದವೂ ಇಲ್ಲ.

ಊರಿನಲ್ಲೇ ಬಿಪಿಟಿ ಮುಗಿಸಿದ್ದರೆ?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ, ಆರು ತಿಂಗಳ ಇಂಟರ್ನ್‌ಷಿಪ್ ಸೇರಿ ನಾಲ್ಕೂವರೆ ವರ್ಷ ಓದಿ ಬಿಪಿಟಿ, ಅಂದರೆ ಫಿಸಿಯೊಥೆರಪಿ ಪದವಿ, ಪಡೆದ ಎಷ್ಟೋ ಮಂದಿ ಇಂಗ್ಲೆಂಡಿಗೆ ಬಂದು ಸಹಾಯಕರ ಹುದ್ದೆಯಲ್ಲಿದ್ದಾರೆ. ಅವರು ಮತ್ತೆ ಮೂರು, ನಾಲ್ಕು ವರ್ಷದ ಅಪ್ರೆಂಟಿಸ್‌ಶಿಪ್ ಮಾಡಬೇಕಾಗಿಲ್ಲ. ಎಚ್‌ಸಿಪಿಸಿಯ ಅಂತರರಾಷ್ಟ್ರೀಯ ಅರ್ಜಿಯ ದಾರಿ ಅವರಿಗಿದೆ. ಓದಿದ ಪಠ್ಯಕ್ರಮ, ಕೆಲಸದ ಅನುಭವವನ್ನು ಅಲ್ಲಿನ ಮಾನದಂಡಗಳೊಂದಿಗೆ ಹೋಲಿಸುತ್ತಾರೆ. ಈ ಮಾನದಂಡಗಳು 2023ರ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತವಾಗಿವೆ, ಅರ್ಜಿಗೆ ಹೊಸದನ್ನೇ ಓದಿ. ಕೊರತೆ ಕಂಡರೆ ಹೊಂದಾಣಿಕೆ ಅವಧಿಯ ತರಬೇತಿಯನ್ನೋ ಅರ್ಹತಾ ಪರೀಕ್ಷೆಯನ್ನೋ ಸೂಚಿಸಬಹುದು. ಇಂಗ್ಲಿಷ್ ಮೊದಲ ಭಾಷೆಯಲ್ಲದವರು ಐಇಎಲ್‌ಟಿಎಸ್‌ನಲ್ಲಿ ಒಟ್ಟು 7.0, ಯಾವ ವಿಭಾಗದಲ್ಲೂ 6.5ಕ್ಕೆ ಕಡಿಮೆಯಿಲ್ಲದ ಅಂಕ ತೋರಿಸಬೇಕಾಗುತ್ತದೆ. ಓದಿದ ಕಾಲೇಜಿನಿಂದ ಪಠ್ಯಕ್ರಮದ ವಿವರ, ಇಂಟರ್ನ್‌ಷಿಪ್ ದಾಖಲೆ ತರಿಸಿಕೊಳ್ಳುವುದೇ ಹೆಚ್ಚು ಸಮಯ ತಿನ್ನುವ ಕೆಲಸ. ಭಾರತ ಬಿಡುವ ಮುನ್ನ ಅದನ್ನು ಮುಗಿಸಿಕೊಂಡವರು ಜಾಣರು.

ಸಂಬಳ ನಿಲ್ಲದೆ, ಸಾಲ ಮಾಡದೆ, ಗೌರವದ ವೃತ್ತಿಯೊಂದಕ್ಕೆ ಏರುವ ಇಂಥ ದಾರಿಗಳು ಹೆಚ್ಚಿಲ್ಲ. ಮನೆಯವರ ಬೆಂಬಲ, ಮೂರು, ನಾಲ್ಕು ವರ್ಷ ವಾರಾಂತ್ಯಗಳನ್ನು ಓದಿಗೆ ಕೊಡುವ ಸಿದ್ಧತೆ, ಓದಿನ ಸಮಯವನ್ನು ಬಿಟ್ಟುಕೊಡದ ಗಟ್ಟಿತನ ಇದ್ದರೆ ಧೈರ್ಯವಾಗಿ ಸೇರಬಹುದು. ಮನೆಯಲ್ಲಿ ಎಳೆಗೂಸಿದ್ದು ನೋಡಿಕೊಳ್ಳುವವರಿಲ್ಲದಿದ್ದರೆ ಒಂದು ವರ್ಷ ಕಾಯುವುದೂ ಸರಿಯಾದ ತೀರ್ಮಾನವೇ. ಆಸೆ ಇದ್ದರೆ ಈ ವಾರವೇ ನಿಮ್ಮ ಥೆರಪಿ ಮ್ಯಾನೇಜರನ್ನು ಕಂಡು, ಮುಂದಿನ ಆಯ್ಕೆ ಯಾವಾಗ ಎಂದು ಕೇಳಿ ದಿನಾಂಕ ಬರೆದುಕೊಳ್ಳಿ.